ಮೂರು ಲಕ್ಷ ಇದ್ದರೂ ಭಯ, ಸಾವಿರ ಆದರೆ ಸಂಭ್ರಮ: ಗೊರಿಲ್ಲಾ ಲೆಕ್ಕದ ಒಳಗೇನಿದೆ?

ಗೊರಿಲ್ಲಾ ಬಗ್ಗೆ ಬರುವ ಸುದ್ದಿಗಳನ್ನು ಒಟ್ಟಿಗೆ ಓದಿದರೆ ಗೊಂದಲ ಆಗುವುದು ಸಹಜ. ಸಂಖ್ಯೆ ಸಾವಿರ ದಾಟಿದೆ, ಅಪಾಯ ಕಡಿಮೆಯಾಗಿದೆ ಎಂದು ಒಂದು ವರದಿ ಹೇಳುತ್ತದೆ. ಗೊರಿಲ್ಲಾ ಅಳಿವಿನ ಅಂಚಿಗೆ ಬಂದಿದೆ ಎಂದು ಇನ್ನೊಂದು ಎಚ್ಚರಿಸುತ್ತದೆ. ಆಫ್ರಿಕಾದ ಕಾಡುಗಳಲ್ಲಿ ಮೂರು ಲಕ್ಷಕ್ಕೂ ಜಾಸ್ತಿ ಗೊರಿಲ್ಲಾಗಳಿವೆ ಎಂದು ಮತ್ತೊಂದು ಬರೆಯುತ್ತದೆ. ಮೂರೂ ನಿಜ. ಆದರೆ ಮೂರೂ ಒಂದೇ ಪ್ರಾಣಿಯ ಬಗ್ಗೆ ಹೇಳುತ್ತಿಲ್ಲ. ಗೊಂದಲ ಶುರುವಾಗುವುದು ಅಲ್ಲಿಂದಲೇ.

ಮಂಗಳೂರು, ಉಡುಪಿಯ ಓದುಗರಿಗೆ ಇದರ ಜತೆ ಇನ್ನೊಂದು ಪ್ರಶ್ನೆಯೂ ಇರುತ್ತದೆ. ಸುಳ್ಯ, ಕಡಬ, ಬೆಳ್ತಂಗಡಿ ಕಡೆ ಆನೆಗಳು ತೋಟಕ್ಕೆ ನುಗ್ಗುತ್ತಿವೆ. ಮಂಗ, ಹಂದಿಗಳ ಕಾಟದಿಂದ ಕೃಷಿಕರು ಬೇಸತ್ತಿದ್ದಾರೆ. ನಮ್ಮ ಸಮಸ್ಯೆಯೇ ಇಷ್ಟಿರುವಾಗ ಆಫ್ರಿಕಾದ ಗೊರಿಲ್ಲಾ ಉಳಿದರೆಷ್ಟು, ಬಿಟ್ಟರೆಷ್ಟು? ಇದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಗೊರಿಲ್ಲಾ ಕಾಡಿನ ಪಕ್ಕ ಬಾಳೆ ಬೆಳೆಯುವ ಉಗಾಂಡಾದ ರೈತ ಕೇಳುವುದೂ ಇದೇ ಪ್ರಶ್ನೆಯನ್ನು. ಅವನಿಗೆ ಸರಿಯಾದ ಉತ್ತರ ಸಿಕ್ಕ ಕಡೆ ಗೊರಿಲ್ಲಾ ಉಳಿದಿದೆ, ಸಿಗದ ಕಡೆ ಕಡಿಮೆಯಾಗುತ್ತಿದೆ.

ಮೊದಲು, ಯಾವ ಗೊರಿಲ್ಲಾ?

ಗೊರಿಲ್ಲಾಗಳಲ್ಲಿ ಎರಡು ಜಾತಿ, ಪ್ರತಿಯೊಂದರಲ್ಲೂ ಎರಡೆರಡು ಉಪಜಾತಿ. ಒಟ್ಟು ನಾಲ್ಕು ಬಗೆ.

ಮೈಸೂರು ಮೃಗಾಲಯಕ್ಕೆ 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾಗಳು ಬಂದವು. ಕರಾವಳಿಯ ಎಷ್ಟೋ ಮನೆಯವರು ಮಕ್ಕಳ ಜತೆ ಹೋಗಿ ಅವುಗಳನ್ನು ನೋಡಿ ಬಂದಿದ್ದಾರೆ. ಅವು ಪಶ್ಚಿಮದ ತಗ್ಗುನಾಡಿನ ಗೊರಿಲ್ಲಾಗಳು. ಗಬಾನ್, ಕಾಂಗೋ ಗಣರಾಜ್ಯ, ಕ್ಯಾಮರೂನ್ ಸುತ್ತಮುತ್ತಲ ಕಾಡು ಅವುಗಳ ನೆಲೆ. ಮೂರು ಲಕ್ಷದ ಲೆಕ್ಕ ಇವುಗಳದ್ದು.

ಸಾವಿರದ ಲೆಕ್ಕ ಬೆಟ್ಟದ ಗೊರಿಲ್ಲಾಗಳದ್ದು. ರುವಾಂಡಾ, ಉಗಾಂಡಾ ಮತ್ತು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ ಸೇರುವ ಕಡೆ ವಿರುಂಗಾ ಎಂಬ ಜ್ವಾಲಾಮುಖಿ ಬೆಟ್ಟಗಳ ಸಾಲಿದೆ. ಅಲ್ಲಿ 604, ಉಗಾಂಡಾದ ಬ್ವಿಂಡಿ ಕಾಡಿನ ಭಾಗದಲ್ಲಿ 459, ಒಟ್ಟು 1,063. ಇದು 2015ರಿಂದ 2018ರ ನಡುವೆ ನಡೆದ ಗಣತಿಗಳ ಮೊತ್ತ. ಇವು ಇರುವ ಅಷ್ಟೂ ಕಾಡನ್ನು ಸೇರಿಸಿದರೆ ಸುಮಾರು 800 ಚದರ ಕಿಲೋಮೀಟರ್. ನಮ್ಮ ಕುದುರೆಮುಖ ರಾಷ್ಟ್ರೀಯ ಉದ್ಯಾನ ಒಂದೇ ಸುಮಾರು 600 ಚದರ ಕಿಲೋಮೀಟರ್ ಇದೆ. ಜಗತ್ತಿನ ಎಲ್ಲ ಬೆಟ್ಟದ ಗೊರಿಲ್ಲಾಗಳೂ ಅದಕ್ಕಿಂತ ಸ್ವಲ್ಪ ದೊಡ್ಡ ಜಾಗದಲ್ಲಿ ಬದುಕಬೇಕು. ಮೃಗಾಲಯದಲ್ಲಿ ಇವು ಒಂದೂ ಇಲ್ಲ. ಅಂದರೆ ಕಾಡಿನಲ್ಲಿ ಅಳಿದರೆ ಮತ್ತೆ ತಂದು ಬಿಡಲು ಬೇರೆಲ್ಲೂ ಸಿಗುವುದಿಲ್ಲ.

ಉಳಿದ ಎರಡರಲ್ಲಿ ಒಂದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ (ಮುಂದೆ ಬರೀ ಕಾಂಗೋ ದೇಶ ಎಂದರೆ ಇದೇ) ಪೂರ್ವ ಭಾಗದ ಗ್ರೌವರ್ ಗೊರಿಲ್ಲಾ. ಇನ್ನೊಂದು ನೈಜೀರಿಯಾ–ಕ್ಯಾಮರೂನ್ ಗಡಿಯ ಕ್ರಾಸ್ ರಿವರ್ ಗೊರಿಲ್ಲಾ. ಕೊನೆಯದ್ದು ಸುಮಾರು 300 ಮಾತ್ರ ಉಳಿದಿದೆ. ಅದು ಮನುಷ್ಯರಿಗೆ ಕಾಣಿಸಿಕೊಳ್ಳುವುದೇ ಅಪರೂಪ. 2020ರಲ್ಲಿ ನೈಜೀರಿಯಾದ ಕಾಡಿನಲ್ಲಿಟ್ಟ ಕ್ಯಾಮೆರಾದಲ್ಲಿ ಮರಿಗಳ ಜತೆಗಿನ ಗುಂಪೊಂದು ಸೆರೆಯಾದಾಗ ಅದೇ ದೊಡ್ಡ ಸುದ್ದಿಯಾಗಿತ್ತು.

ಮೂರು ಲಕ್ಷ ಇರುವುದಕ್ಕೇ ಏಕೆ ಜಾಸ್ತಿ ಅಪಾಯ?

ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಕಾಡುಜೀವಿಗಳ ಸ್ಥಿತಿಯನ್ನು ನೋಡಿ ಪಟ್ಟಿ ಮಾಡುತ್ತದೆ. 2018ರ ನವೆಂಬರ್‌ನಲ್ಲಿ ಅದು ಬೆಟ್ಟದ ಗೊರಿಲ್ಲಾವನ್ನು 'ತೀವ್ರ ಅಪಾಯ'ದ ಗುಂಪಿನಿಂದ 'ಅಪಾಯ'ದ ಗುಂಪಿಗೆ ಸರಿಸಿತು. ಉಳಿದ ಮೂರು ಬಗೆಗಳು 'ತೀವ್ರ ಅಪಾಯ'ದಲ್ಲೇ ಉಳಿದವು. ಮೂರು ಲಕ್ಷಕ್ಕೂ ಜಾಸ್ತಿ ಇರುವ ಪಶ್ಚಿಮದ ಗೊರಿಲ್ಲಾ ಕೂಡ ಅದರಲ್ಲೇ ಇದೆ. ಓದುಗರಿಗೆ ವಿಚಿತ್ರ ಅನಿಸುವುದು ಇದೇ.

ಕಾರಣ ಇಷ್ಟು: ಇವತ್ತು ಎಷ್ಟಿವೆ ಎನ್ನುವುದರ ಜತೆಗೆ, ಎಷ್ಟು ವೇಗವಾಗಿ ಕಡಿಮೆಯಾಗುತ್ತಿವೆ ಎನ್ನುವುದನ್ನೂ ಐಯುಸಿಎನ್ ನೋಡುತ್ತದೆ. ಬೆಟ್ಟದ ಗೊರಿಲ್ಲಾ ಕಡಿಮೆ ಇದ್ದರೂ ಏರುತ್ತಿದೆ. ಪಶ್ಚಿಮದ ಗೊರಿಲ್ಲಾ ಜಾಸ್ತಿ ಇದ್ದರೂ ಇಳಿಯುತ್ತಿದೆ. 2005ರಿಂದ 2013ರವರೆಗಿನ ಸಮೀಕ್ಷೆಗಳ ಪ್ರಕಾರ ಆ ಇಳಿಕೆ ವರ್ಷಕ್ಕೆ ಸುಮಾರು ಶೇ 2.7.

ಶೇ 2.7 ಅಂದರೆ ಸಣ್ಣ ಅಂಕಿ ಅನಿಸಬಹುದು. ನಾಲ್ಕು ದೊಡ್ಡ ಬ್ಯಾಂಕುಗಳು ಹುಟ್ಟಿದ ನಮ್ಮ ಈ ಊರುಗಳಲ್ಲಿ ಚಕ್ರಬಡ್ಡಿಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದೇ ಲೆಕ್ಕವನ್ನು ಇಲ್ಲಿ ತಲೆಕೆಳಗು ಮಾಡಿ. ವರ್ಷವರ್ಷವೂ ಉಳಿದದ್ದರಲ್ಲಿ ಶೇ 2.7 ಹೋಗುತ್ತಾ ಬಂದರೆ ಸುಮಾರು 25 ವರ್ಷಕ್ಕೆ ಅರ್ಧ ಖಾಲಿ. ಗೊರಿಲ್ಲಾಗಳ ಮೂರು ತಲೆಮಾರು ಅಂದರೆ 66 ವರ್ಷ. ಅಷ್ಟರಲ್ಲಿ ನೂರರಲ್ಲಿ 16 ಮಾತ್ರ ಉಳಿಯುತ್ತವೆ. ಪಟ್ಟಿಯಲ್ಲಿ 'ತೀವ್ರ ಅಪಾಯ' ಎಂದು ಬರೆದಿರುವುದರ ಹಿಂದೆ ಈ ಲೆಕ್ಕ ಇದೆ.

ಎಣಿಕೆಯ ಇನ್ನೊಂದು ತೊಡಕನ್ನೂ ಇಲ್ಲೇ ಹೇಳಬೇಕು. ಗ್ರೌವರ್ ಗೊರಿಲ್ಲಾ 1990ರ ದಶಕದಲ್ಲಿ ಸುಮಾರು 16,900 ಇತ್ತು, 2016ರ ಹೊತ್ತಿಗೆ 3,800ಕ್ಕೆ ಇಳಿದಿದೆ ಎಂದು ಅಂದಾಜಾಗಿತ್ತು. 2021ರಲ್ಲಿ ಹೊಸ ಅಂದಾಜು ಬಂತು: 6,800. ಐದು ವರ್ಷದಲ್ಲಿ ದುಪ್ಪಟ್ಟಿನ ಹತ್ತಿರ ಬಂತೇ? ಹಾಗಲ್ಲ. ಯುದ್ಧದ ಕಾರಣಕ್ಕೆ ಮೊದಲು ಕಾಲಿಡಲಾಗದ ಕಾಡುಗಳನ್ನೂ ಹುಡುಕಿದ್ದರಿಂದ ಲೆಕ್ಕಕ್ಕೆ ಸಿಕ್ಕವು ಅಷ್ಟೆ. 16,900ರಿಂದ 6,800ಕ್ಕೆ ಬಂದದ್ದು ಕೂಡ ಭಾರೀ ಕುಸಿತವೇ. ಹೆಚ್ಚಿನ ಗೊರಿಲ್ಲಾಗಳನ್ನು ಎದುರು ನಿಂತು ಎಣಿಸಲು ಆಗುವುದಿಲ್ಲ. ಅವು ಪ್ರತಿ ರಾತ್ರಿ ಸೊಪ್ಪು, ಕೊಂಬೆ ಬಗ್ಗಿಸಿ ಹೊಸ ಹಾಸಿಗೆ ಮಾಡಿಕೊಳ್ಳುತ್ತವೆ. ಆ ಹಾಸಿಗೆಗಳನ್ನು ಹುಡುಕಬೇಕು, ಲದ್ದಿ ಸಂಗ್ರಹಿಸಬೇಕು, ಡಿಎನ್ಎ ನೋಡಿ ಒಂದನ್ನೇ ಎರಡು ಸಲ ಎಣಿಸಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಗೊರಿಲ್ಲಾ ಜಾಸ್ತಿಯಾಯಿತು ಎಂಬ ಸುದ್ದಿ ಓದುವಾಗ, ಹುಟ್ಟಿ ಜಾಸ್ತಿಯಾದದ್ದೋ ಹುಡುಕಿ ಜಾಸ್ತಿಯಾದದ್ದೋ ಎಂದು ನೋಡುವುದು ಒಳ್ಳೆಯದು.

ಒಂದು ಸತ್ತರೆ ತುಂಬಿಕೊಳ್ಳಲು ಎಷ್ಟು ಕಾಲ ಬೇಕು

ಇಷ್ಟು ಭಯ ಯಾಕೆ ಎಂಬುದಕ್ಕೆ ಗೊರಿಲ್ಲಾದ ಬದುಕಿನಲ್ಲೇ ಉತ್ತರ ಇದೆ. ಬೆಟ್ಟದ ಗೊರಿಲ್ಲಾ ಹೆಣ್ಣು ಮೊದಲ ಮರಿ ಹಾಕುವಾಗ ಅದಕ್ಕೆ ಸುಮಾರು 10 ವರ್ಷ. ಎಂಟೂವರೆ ತಿಂಗಳ ಬಸಿರು, ಸಾಮಾನ್ಯವಾಗಿ ಒಂದೇ ಮರಿ. ಮುಂದಿನ ಮರಿಗೆ ಸುಮಾರು ನಾಲ್ಕು ವರ್ಷ ಕಾಯಬೇಕು. ಹುಟ್ಟಿದ್ದೆಲ್ಲ ಬದುಕುವುದೂ ಇಲ್ಲ. ಕಾಡುಹಂದಿಯ ಹಾಗೆ ಒಂದೇ ಹೆರಿಗೆಯಲ್ಲಿ ಹಲವು ಮರಿ ಹಾಕುವ ಪ್ರಾಣಿ ಬೇಟೆಯ ನಷ್ಟವನ್ನು ಕೆಲವೇ ವರ್ಷದಲ್ಲಿ ತುಂಬಿಕೊಳ್ಳುತ್ತದೆ. ಗೊರಿಲ್ಲಾಕ್ಕೆ ಅದು ಸಾಧ್ಯವಿಲ್ಲ.

ಅದಕ್ಕಿಂತ ಗಂಭೀರವಾದದ್ದು ಗುಂಪಿನ ಯಜಮಾನನ ಸಾವು. ಬೆನ್ನಿನ ಕೂದಲು ಬೆಳ್ಳಗಾದ ದೊಡ್ಡ ಗಂಡು ಗುಂಪನ್ನು ಕಾಯುತ್ತದೆ. ಅದು ಸತ್ತರೆ ಗುಂಪು ಒಡೆಯಬಹುದು. ಹೊಸದಾಗಿ ಬರುವ ಗಂಡು, ಹಾಲು ಕುಡಿಯುವ ಮರಿಗಳನ್ನು ಕೊಲ್ಲುವುದೂ ಉಂಟು. ಹಾಗಾಗಿ ಬೇಟೆಗಾರ ಒಂದು ಗಂಡನ್ನು ಕೊಂದರೆ ನಷ್ಟ ಒಂದಕ್ಕೇ ನಿಲ್ಲುವುದಿಲ್ಲ.

ಬೆಟ್ಟದ ಗೊರಿಲ್ಲಾ ಉಳಿದದ್ದು ಹೇಗೆ

1980ರ ದಶಕದ ಆರಂಭದಲ್ಲಿ ವಿರುಂಗಾ ಬೆಟ್ಟಗಳಲ್ಲಿ ಉಳಿದಿದ್ದ ಗೊರಿಲ್ಲಾಗಳು ಸುಮಾರು 250. ಈಗ ಅಲ್ಲೇ 600 ದಾಟಿವೆ. ನಡುವೆ ರುವಾಂಡಾದ ನರಮೇಧ ನಡೆಯಿತು, ಕಾಂಗೋದ ಯುದ್ಧಗಳು ನಡೆದವು. ಅದರ ಮಧ್ಯೆಯೂ ಇದು ಸಾಧ್ಯವಾದದ್ದು ಸಣ್ಣ ಮಾತಲ್ಲ.

ಅಮೆರಿಕದ ಸಂಶೋಧಕಿ ಡಯಾನ್ ಫಾಸಿ 1967ರ ಸೆಪ್ಟೆಂಬರ್ 24ರಂದು ರುವಾಂಡಾದಲ್ಲಿ ಕರಿಸೋಕೆ ಎಂಬ ಕೇಂದ್ರ ಶುರು ಮಾಡಿದರು. ಸೆಪ್ಟೆಂಬರ್ 24ನ್ನು ವಿಶ್ವ ಗೊರಿಲ್ಲಾ ದಿನ ಎಂದು ಆಚರಿಸುವುದು ಅದೇ ನೆನಪಿಗೆ. ಫಾಸಿ ಉರುಳು ಕಿತ್ತರು, ಬೇಟೆಗಾರರ ವಿರುದ್ಧ ನೇರ ಹೋರಾಟಕ್ಕೆ ಇಳಿದರು. 1985ರ ಡಿಸೆಂಬರ್‌ನಲ್ಲಿ ತಮ್ಮ ಗುಡಿಸಿಲಿನಲ್ಲೇ ಕೊಲೆಯಾದರು. ಗೊರಿಲ್ಲಾ ಎಂಬ ಪ್ರಾಣಿಯ ಕಡೆ ಜಗತ್ತು ತಿರುಗಿ ನೋಡಿದ್ದು ಅವರಿಂದ. ಆದರೆ ಕಾವಲು ಒಂದರಿಂದಲೇ ಆ ಕಾಡು ಉಳಿಯುತ್ತಿರಲಿಲ್ಲ.

ಯಾಕೆಂದರೆ ರುವಾಂಡಾಕ್ಕೆ ಭೂಮಿಯ ಹಸಿವಿತ್ತು. 1960ರ ದಶಕದ ಕೊನೆಯಲ್ಲಿ ಅಲ್ಲಿ ಗೊರಿಲ್ಲಾಗಳಿದ್ದ ಉದ್ಯಾನದ ಸುಮಾರು 10,000 ಹೆಕ್ಟೇರ್ ಪೈರೆಥ್ರಮ್ ಎಂಬ ಕೀಟನಾಶಕದ ಹೂವಿನ ಬೆಳೆಗೆ ಹೋಯಿತು. 1970ರ ದಶಕದ ಕೊನೆಗೆ ಇನ್ನೂ 5,000 ಹೆಕ್ಟೇರ್ ಕಡಿದು ದನ ಮೇಯಿಸುವ ಯೋಜನೆ ಬಂತು. ಆಗ ಕೆಲವು ಸಂರಕ್ಷಕರು ಸರ್ಕಾರದ ಮುಂದೆ ಬೇರೆ ಲೆಕ್ಕ ಇಟ್ಟರು: ಗೊರಿಲ್ಲಾ ನೋಡಲು ಬರುವವರಿಂದ ದನಕ್ಕಿಂತ ಜಾಸ್ತಿ ಆದಾಯ ಬರುತ್ತದೆ. 1979ರಲ್ಲಿ ಆ ಪ್ರಯೋಗ ಶುರುವಾಯಿತು. ಫಾಸಿಗೆ ಪ್ರವಾಸೋದ್ಯಮ ಇಷ್ಟವಿರಲಿಲ್ಲ. ಇವತ್ತು ತಿರುಗಿ ನೋಡಿದರೆ, ದನದ ಯೋಜನೆಯನ್ನು ತಡೆದದ್ದು ಆ ಆದಾಯದ ಲೆಕ್ಕವೇ ಎಂದು ಒಪ್ಪಬೇಕಾಗುತ್ತದೆ.

ಈಗ ರುವಾಂಡಾದಲ್ಲಿ ಒಬ್ಬ ವಿದೇಶಿ ಪ್ರವಾಸಿಗೆ ಒಂದು ಗಂಟೆ ಗೊರಿಲ್ಲಾ ನೋಡಲು 1,500 ಡಾಲರ್. ಉಗಾಂಡಾದಲ್ಲಿ 2024ರಿಂದ 800 ಡಾಲರ್. ಒಂದು ಗೊರಿಲ್ಲಾ ಗುಂಪಿಗೆ ದಿನಕ್ಕೆ ಎಂಟು ಜನರಿಗಷ್ಟೇ ಅವಕಾಶ. ರುವಾಂಡಾ ತನ್ನ ಉದ್ಯಾನಗಳ ಪ್ರವಾಸಿ ಆದಾಯದ ಶೇ 10ರಷ್ಟನ್ನು ಸುತ್ತಲಿನ ಹಳ್ಳಿಗಳಿಗೆ ಕೊಡುತ್ತದೆ. 2005ರಲ್ಲಿ ಇದು ಶೇ 5 ಇತ್ತು, 2017ರಲ್ಲಿ ಇಮ್ಮಡಿ ಮಾಡಿದರು. ಆ ಹಣದಿಂದ ಶಾಲೆ, ಆಸ್ಪತ್ರೆ, ನೀರಿನ ಟ್ಯಾಂಕ್, ರಸ್ತೆ ಆಗಿವೆ. ಮೊದಲು ಉರುಳು ಹಾಕುತ್ತಿದ್ದವರಲ್ಲಿ ಕೆಲವರು ಈಗ ಪ್ರವಾಸಿಗರ ಸಾಮಾನು ಹೊರುವ, ದಾರಿ ತೋರುವ ಕೆಲಸ ಮಾಡುತ್ತಾರೆ.

ಹಣದ ಜತೆಗೆ ದಿನನಿತ್ಯದ ದುಡಿಮೆಯೂ ಇದೆ. ಮನುಷ್ಯರಿಗೆ ಒಗ್ಗಿಸಿದ ಪ್ರತಿ ಗುಂಪಿನ ಹಿಂದೆ ದಿನಾ ಕಾವಲುಗಾರರು ಹೋಗುತ್ತಾರೆ. ಉರುಳಿಗೆ ಸಿಕ್ಕಿದ್ದರೆ, ಕೆಮ್ಮುತ್ತಿದ್ದರೆ ಪಶುವೈದ್ಯರು ಕಾಡಿಗೇ ಹೋಗಿ ಚಿಕಿತ್ಸೆ ಕೊಡುತ್ತಾರೆ. ಇದರ ಫಲವನ್ನು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿತು. ಹೀಗೆ ದಿನಾ ನೋಡಿಕೊಂಡ ಗುಂಪುಗಳು ವರ್ಷಕ್ಕೆ ಶೇ 4.1ರಂತೆ ಬೆಳೆದವು. ಮಾಮೂಲಿ ಕಾವಲು ಮಾತ್ರ ಇದ್ದ ಗುಂಪುಗಳು ಶೇ 0.7ರಂತೆ ಇಳಿದವು. ಎರಡೂ ಒಂದೇ ಕಾಡು, ಒಂದೇ ಪ್ರಾಣಿ, ಒಂದೇ ಕಾಯಿದೆ. ಈ ವ್ಯತ್ಯಾಸವನ್ನು ಸರಿಯಾಗಿ ಗಮನಿಸಬೇಕು. ರಾಷ್ಟ್ರೀಯ ಉದ್ಯಾನ ಎಂದು ಬೋರ್ಡ್ ಹಾಕಿದರೆ ಗೊರಿಲ್ಲಾ ಹೆಚ್ಚುವುದಿಲ್ಲ. ದಿನಾ ಬೆಳಿಗ್ಗೆ ಎದ್ದು ಬೆಟ್ಟ ಹತ್ತುವವರು ಇದ್ದರೆ ಮಾತ್ರ ಹೆಚ್ಚುತ್ತದೆ. ಈಗ ಸಾವಿರ ಆಯ್ತಲ್ಲ, ಖರ್ಚು ಕಡಿಮೆ ಮಾಡೋಣ ಎಂದು ಯಾರಾದರೂ ಹೇಳಿದರೆ ಅದು ತಪ್ಪು ಲೆಕ್ಕ ಆಗುವುದು ಇದಕ್ಕೇ.

ಖರ್ಚು ನಿಂತರೆ ಏನಾಗಬಹುದು ಎಂಬ ಸುಳಿವು 2020ರಲ್ಲಿ ಸಿಕ್ಕಿತು. ಕೋವಿಡ್‌ನಿಂದ ಪ್ರವಾಸೋದ್ಯಮ ನಿಂತಿತು, ಬ್ವಿಂಡಿ ಸುತ್ತಲಿನ ಹಳ್ಳಿಗಳಲ್ಲಿ ದುಡಿಮೆ ಹೋಯಿತು. ಕಾಡಿನಲ್ಲಿ ಉರುಳುಗಳು ಜಾಸ್ತಿಯಾದವು. ಆ ಜೂನ್‌ನಲ್ಲಿ ರಫೀಕಿ ಎಂಬ ಹೆಸರುವಾಸಿ ಗಂಡು ಗೊರಿಲ್ಲಾ ಸತ್ತಿತು. ಸಣ್ಣ ಪ್ರಾಣಿಗಳ ಬೇಟೆಗೆ ಬಂದವನ ಭರ್ಜಿ ಅದಕ್ಕೆ ಚುಚ್ಚಿತ್ತು. ಅಪರಾಧಿಗೆ 11 ವರ್ಷ ಜೈಲಾಯಿತು. ಕಾನೂನು ಕೆಲಸ ಮಾಡಿತು ನಿಜ. ಆದರೆ ಒಂದೇ ಆದಾಯವನ್ನು ನಂಬಿದ ಸಂರಕ್ಷಣೆ ಎಷ್ಟು ನಾಜೂಕು ಎಂಬುದೂ ಗೊತ್ತಾಯಿತು.

ಒಂದು ಪ್ರಾಣಿಯ ಹೆಸರಲ್ಲಿ ಇಡೀ ಕಾಡು

ಇಷ್ಟೆಲ್ಲ ಮಾಡಿ ಒಂದು ಪ್ರಾಣಿ ಉಳಿದರೆ ಲಾಭ ಏನು? ಇದಕ್ಕೆ ಉತ್ತರ ನಮ್ಮ ಘಟ್ಟದಲ್ಲೇ ಇದೆ.

1983–84ರ ಸುಮಾರಿಗೆ ಕರಾವಳಿಯವರೇ ಆದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕರ್ನಾಟಕದ ಘಟ್ಟಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದರು. ಸಿಂಗಳೀಕ ಮರದ ತುದಿಯಲ್ಲೇ ಬದುಕುವ, ನಿತ್ಯಹಸಿರು ಕಾಡು ಬಿಟ್ಟು ಹೊರಗೆ ಬಾರದ ಮಂಗ. ಗೊರಿಲ್ಲಾದ ಹಾಗೆಯೇ ನಿಧಾನವಾಗಿ ಮರಿ ಹಾಕುವ ಪ್ರಾಣಿ. ಅದು ಉಳಿಯಬೇಕಾದರೆ ಕುದುರೆಮುಖದ ಕಾಡು ಉಳಿಯಬೇಕು ಎಂಬ ಶಿಫಾರಸು ಬಂತು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಕಬ್ಬಿಣದ ಅದಿರು ಕೊಳವೆಯಲ್ಲಿ 67 ಕಿಲೋಮೀಟರ್ ಹರಿದು ಪಣಂಬೂರಿಗೆ ಬರುತ್ತಿದ್ದುದು ಮಂಗಳೂರಿನವರಿಗೆ ಗೊತ್ತು. ದೀರ್ಘ ಹೋರಾಟದ ನಂತರ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು.

ಆ ಬೆಟ್ಟಗಳಲ್ಲೇ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುತ್ತವೆ. ನೇತ್ರಾವತಿಯ ನೀರು ತುಂಬೆ ಅಣೆಕಟ್ಟಿನಿಂದ ಮಂಗಳೂರಿನ ನಲ್ಲಿಗೆ ಬರುತ್ತದೆ. ಅದೇ ಘಟ್ಟದ ಸಾಲಿನ ಕೆಳಗೆ ಹುಟ್ಟುವ ಸ್ವರ್ಣಾ ಬಜೆ ಅಣೆಕಟ್ಟಿನಿಂದ ಉಡುಪಿಗೆ ನೀರು ಕೊಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಎರಡು ಕಡೆ ನೀರಿನ ಮಟ್ಟ ಎಷ್ಟು ಎಂದು ಊರಿಗೆ ಊರೇ ಕೇಳುತ್ತದೆ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಗೆ ಸ್ವಲ್ಪ ಸ್ವಲ್ಪವೇ ಬಿಡುವುದು ಮೇಲಿನ ಕಾಡು. ಸಿಂಗಳೀಕಕ್ಕಾಗಿ ಗೆರೆ ಎಳೆದದ್ದು, ಉಳಿದದ್ದು ನೀರು. ಅಲ್ವಾ?

ಗೊರಿಲ್ಲಾ ವಿಷಯದಲ್ಲೂ ಇದೇ ಕ್ರಮ, ಅಳತೆ ಮಾತ್ರ ದೊಡ್ಡದು. ಪಶ್ಚಿಮದ ಗೊರಿಲ್ಲಾ ಇರುವ ಕಾಂಗೋ ಕಣಿವೆ ಜಗತ್ತಿನ ಎರಡನೇ ದೊಡ್ಡ ಉಷ್ಣವಲಯದ ಮಳೆಕಾಡು. ಅದರ ನಡುವಿನ ಜೌಗು ನೆಲದಲ್ಲಿ ಸಾವಿರಾರು ವರ್ಷಗಳಿಂದ ಕೊಳೆಯದೆ ಉಳಿದ ಸಸ್ಯದ ಪದರ ಇದೆ. 2017ರಲ್ಲಿ ಪ್ರಕಟವಾದ ಅಂದಾಜಿನಂತೆ ಅದರಲ್ಲಿ ಸುಮಾರು 3,000 ಕೋಟಿ ಟನ್ ಇಂಗಾಲ ಇದೆ. ಜೌಗು ಒಣಗಿದರೆ, ಉರಿದರೆ ಅದು ಗಾಳಿಗೆ ಸೇರುತ್ತದೆ. ಗಾಳಿಗೆ ಸೇರಿದ ಇಂಗಾಲ ಕಾಂಗೋದ ಆಕಾಶದಲ್ಲೇ ನಿಲ್ಲುವುದಿಲ್ಲ. ಅದರಿಂದ ಭೂಮಿ ಬಿಸಿಯಾಗಿ ಸಮುದ್ರ ಮಟ್ಟ ಏರಿದರೆ ಅದರ ಪೆಟ್ಟು ಉಳ್ಳಾಲದಿಂದ ಬೈಂದೂರಿನವರೆಗಿನ ಕರಾವಳಿಗೂ ತಟ್ಟುತ್ತದೆ.

ಗೊರಿಲ್ಲಾ ಆ ಕಾಡಿನಲ್ಲಿ ಸುಮ್ನೆ ಕೂತಿರುವುದಿಲ್ಲ. ದಿನಕ್ಕೆ ಹಲವು ಕಿಲೋ ಎಲೆ, ಹಣ್ಣು ತಿಂದು, ಬೀಜವನ್ನು ದೂರದಲ್ಲಿ ಲದ್ದಿಯ ಜತೆ ಬಿಡುತ್ತದೆ. ಅದು ಮಲಗುವ ಜಾಗ ಸಾಮಾನ್ಯವಾಗಿ ಬಿಸಿಲು ಬೀಳುವ ತೆರಪು. ಮೊಳಕೆಗೆ ಬೇಕಾದದ್ದೂ ಅದೇ. ಗಬಾನ್‌ನ ಲೋಪೆ ಕಾಡಿನಲ್ಲಿ ಕೋಲಾ ಜಾತಿಯ ಒಂದು ಮರದ ಬೀಜ ಹರಡುವುದು ಮುಖ್ಯವಾಗಿ ಗೊರಿಲ್ಲಾದಿಂದಲೇ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ.

ರೋಗ ಎರಡೂ ಕಡೆ ದಾಟುತ್ತದೆ

ಗೊರಿಲ್ಲಾದ ವಂಶವಾಹಿ ನಮ್ಮದಕ್ಕೆ ಸುಮಾರು ಶೇ 98ರಷ್ಟು ಹೊಂದುತ್ತದೆ. ಹಾಗಾಗಿ ನಮ್ಮ ಕಾಯಿಲೆ ಅದಕ್ಕೂ ಬರುತ್ತದೆ. 1996ರಲ್ಲಿ ಬ್ವಿಂಡಿಯ ಗೊರಿಲ್ಲಾಗಳಿಗೆ ಕಜ್ಜಿ ಹತ್ತಿ ಒಂದು ಮರಿ ಸತ್ತಿತು. ತೋಟಗಳಲ್ಲಿ ನಿಲ್ಲಿಸಿದ್ದ ಬೆರ್ಚಪ್ಪನ ಹಳೆ ಬಟ್ಟೆಯಿಂದ ಅದು ಅಂಟಿರಬೇಕು ಎಂದು ಅಂದಾಜಿಸಲಾಯಿತು. ಅಲ್ಲಿನ ಪಶುವೈದ್ಯೆ ಗ್ಲಾಡಿಸ್ ಕಲೆಮಾ ಜಿಕುಸೋಕಾ ಇದರಿಂದ ನೇರ ತೀರ್ಮಾನಕ್ಕೆ ಬಂದರು: ಹಳ್ಳಿಯವರಿಗೆ ವೈದ್ಯರು, ಔಷಧಿ ಸಿಗದಿದ್ದರೆ ಗೊರಿಲ್ಲಾ ಉಳಿಯುವುದಿಲ್ಲ. ಜನರ ಆರೋಗ್ಯವನ್ನೂ ಗೊರಿಲ್ಲಾದ ಆರೋಗ್ಯವನ್ನೂ ಒಟ್ಟಿಗೆ ನೋಡುವ ಸಂಸ್ಥೆಯನ್ನು ಕಟ್ಟಿದರು. ಪ್ರವಾಸಿಗರು ಗೊರಿಲ್ಲಾದಿಂದ ದೂರ ನಿಲ್ಲಬೇಕು, ಮಾಸ್ಕ್ ಹಾಕಬೇಕು, ಶೀತ ಇದ್ದವರು ಹೋಗುವಂತಿಲ್ಲ ಎಂಬ ನಿಯಮಗಳಿಗೂ ಕಾರಣ ಇದೇ ಬಗೆಯ ಅನುಭವಗಳು.

ಇನ್ನೊಂದು ದಿಕ್ಕಿನಲ್ಲಿ ಎಬೋಲಾ ಇದೆ. 2002–03ರಲ್ಲಿ ಕಾಂಗೋ ಗಣರಾಜ್ಯದ ಲೋಸಿ ಪ್ರದೇಶದಲ್ಲಿ ಸುಮಾರು 5,000 ಗೊರಿಲ್ಲಾಗಳು ಎಬೋಲಾದಿಂದ ಸತ್ತವು ಎಂಬ ಅಂದಾಜಿದೆ. ಆ ಭಾಗದಲ್ಲಿ ಮನುಷ್ಯರಿಗೆ ರೋಗ ಹರಡಿದ್ದರಲ್ಲಿ ಹಲವು ಸಲ ಮೊದಲ ಕೊಂಡಿ, ಕಾಡಿನಲ್ಲಿ ಸತ್ತು ಬಿದ್ದ ಪ್ರಾಣಿಯನ್ನು ಮುಟ್ಟಿದ್ದು, ಮಾಂಸ ಮಾಡಿದ್ದು. ಕಾಡಿನ ಸಾವುಗಳನ್ನು ಬೇಗ ಗುರುತಿಸಿದರೆ ಊರನ್ನು ಬೇಗ ಎಚ್ಚರಿಸಬಹುದು.

ಇದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನ ನಿಡ್ಲೆ ಭಾಗದಲ್ಲಿ ಬಹಳ ಜೀವ ತೆಗೆಯಿತು. ಗೇರು ತೋಟಕ್ಕಾಗಿ ಅಲ್ಲಿ ದಟ್ಟ ಕಾಡು ಕಡಿದದ್ದಕ್ಕೂ ಆ ಸ್ಫೋಟಕ್ಕೂ ಸಂಬಂಧ ಇದೆ ಎಂದು ಸಂಶೋಧಕರು ಬರೆದಿದ್ದಾರೆ. ಕಾಡು ಕಡಿದಾಗ ಜನ, ದನ, ಮಂಗ, ಉಣುಗು ಎಲ್ಲ ಒಂದೇ ಜಾಗಕ್ಕೆ ಬಂದವು. ಈಗಲೂ ಮಂಗ ಸತ್ತು ಬಿದ್ದರೆ ಆರೋಗ್ಯ ಇಲಾಖೆಗೆ ತಿಳಿಸಿ ಎಂದು ಕುಂದಾಪುರ, ಬೈಂದೂರು ಕಡೆ ಹೇಳುವುದು ಅದಕ್ಕೇ. ಮಂಗನ ಸಾವು ಅಲ್ಲಿ ಮೊದಲ ಎಚ್ಚರಿಕೆ.

ಯಾರ ಜಾಗ, ಯಾರ ತ್ಯಾಗ?

ಸಂರಕ್ಷಣೆಯ ಪರ ಇರುವವರು ಮುಜುಗರವಾದರೂ ಎದುರಿಸಬೇಕಾದ ವಿಷಯ ಇದು. ಉಗಾಂಡಾದ ಬ್ವಿಂಡಿ, ಮ್ಗಹಿಂಗಾ ಕಾಡುಗಳಲ್ಲಿ ತಲೆತಲಾಂತರದಿಂದ ಬಟ್ವಾ ಜನ ಇದ್ದರು. 1991ರಲ್ಲಿ ಅವು ರಾಷ್ಟ್ರೀಯ ಉದ್ಯಾನವಾದಾಗ ಅವರನ್ನು ಹೊರಗೆ ಹಾಕಿದರು. ಹೆಚ್ಚಿನವರಿಗೆ ಭೂಮಿಯೂ ಸಿಗಲಿಲ್ಲ, ಸರಿಯಾದ ಪರಿಹಾರವೂ ಸಿಗಲಿಲ್ಲ. ಗ್ರೌವರ್ ಗೊರಿಲ್ಲಾಗಳಿರುವ ಕಾಂಗೋದ ಕಹುಜಿ ಬಿಯೆಗಾ ಉದ್ಯಾನದಿಂದಲೂ 1970ರ ದಶಕದಲ್ಲಿ ಬಟ್ವಾಗಳನ್ನು ಎಬ್ಬಿಸಿದ್ದರು. ಆಫ್ರಿಕಾದ ಮಾನವ ಹಕ್ಕುಗಳ ಆಯೋಗದ ತೀರ್ಮಾನ 2024ರಲ್ಲಿ ಹೊರಬಂತು. ಅವರ ಹಕ್ಕು ಉಲ್ಲಂಘನೆಯಾಗಿದೆ, ಭೂಮಿ ಮರಳಿಸಬೇಕು ಎಂದು ಅದು ಹೇಳಿದೆ.

ಇಲ್ಲಿ ವಾದ ಎರಡಾಗಿ ಒಡೆಯುತ್ತದೆ. ಕಾಡಿನಲ್ಲಿ ಜನ ಇದ್ದರೆ ಉರುಳು, ಬೆಂಕಿ, ರೋಗ ತಪ್ಪಿದ್ದಲ್ಲ, ಅಷ್ಟು ಸಣ್ಣ ಕಾಡಿಗೆ ಇನ್ನೊಂದು ಹೊರೆ ಬೇಡ ಎಂದು ಒಂದು ಪಕ್ಷ. ಕಾಡನ್ನು ಇಷ್ಟು ಕಾಲ ಉಳಿಸಿದ್ದೇ ಆ ಜನ, ಅವರನ್ನು ಶತ್ರು ಮಾಡಿಕೊಂಡು ಕಾವಲು ನಡೆಯುವುದಿಲ್ಲ ಎಂದು ಇನ್ನೊಂದು ಪಕ್ಷ. ಕುದುರೆಮುಖ ಉದ್ಯಾನದೊಳಗಿನ ಮಲೆಕುಡಿಯ ಕುಟುಂಬಗಳ ವಿಷಯದಲ್ಲಿ ನಾವೂ ಇದೇ ವಾದ ಕೇಳಿದ್ದೇವೆ. ಪರಿಹಾರ ತೆಗೆದುಕೊಂಡು ಹೊರಬಂದವರಿದ್ದಾರೆ, ರಸ್ತೆ, ಸೇತುವೆ, ಕರೆಂಟು ಕೇಳುತ್ತಾ ಅಲ್ಲೇ ಉಳಿದವರಿದ್ದಾರೆ.

ಇವೆರಡರಲ್ಲಿ ಎರಡನೇ ಪಕ್ಷದ ಮಾತಿಗೆ ಜಾಸ್ತಿ ತೂಕ ಇದೆ. ನ್ಯಾಯದ ಕಾರಣ ಸಾಕಾಗುತ್ತಿತ್ತು, ಆದರೆ ಗೊರಿಲ್ಲಾದ ಲೆಕ್ಕವೂ ಅದನ್ನೇ ಹೇಳುತ್ತದೆ. ಆದಾಯದ ಪಾಲು ಹಳ್ಳಿಗೆ ಬಂದ ಕಡೆ ಬೇಟೆಯ ಸುಳಿವು ಊರಿನವರಿಂದಲೇ ಬರುತ್ತದೆ. ಉಗಾಂಡಾದಲ್ಲಿ ಗೊರಿಲ್ಲಾ ಬಾಳೆ ತೋಟಕ್ಕೆ ಬಂದರೆ ಅದನ್ನು ಗಾಯ ಮಾಡದೆ ಕಾಡಿಗೆ ತಿರುಗಿಸಲು ಊರಿನ ಸ್ವಯಂಸೇವಕರ ತಂಡಗಳಿವೆ. ಕಾಡಂಚಿನಲ್ಲಿ ಗೊರಿಲ್ಲಾ ತಿನ್ನದ ಚಹಾ ಬೆಳೆಸುತ್ತಾರೆ. ಆನೆ ಓಡಿಸಲು ರಾತ್ರಿಯಿಡೀ ಎದ್ದಿರುವ ಸುಳ್ಯದ ಕೃಷಿಕರಿಗೆ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಅಲ್ಲೂ ಪಾಲು ಸಮನಾಗಿ ಹಂಚಿಕೆಯಾಗಿಲ್ಲ. ಪ್ರವಾಸಿಗರ ಹಣ ಹೋಟೆಲ್ ನಡೆಸುವವರಿಗೆ ಹೋದಷ್ಟು ಬಟ್ವಾಗಳಿಗೆ ಹೋಗಿಲ್ಲ.

ಯುದ್ಧ, ಇದ್ದಿಲು, ಫೋನು

ಗೊರಿಲ್ಲಾಗೆ ಅತಿ ದೊಡ್ಡ ಬೆದರಿಕೆ ಇರುವ ಕಡೆ ಪ್ರವಾಸಿಗರು ಹೋಗುವುದೇ ಕಷ್ಟ. ಕಾಂಗೋದ ವಿರುಂಗಾ ಉದ್ಯಾನ 1925ರಲ್ಲಿ ಶುರುವಾದದ್ದು, ಆಫ್ರಿಕಾದ ಮೊದಲ ರಾಷ್ಟ್ರೀಯ ಉದ್ಯಾನ. ಅಲ್ಲಿ ಕರ್ತವ್ಯದಲ್ಲಿದ್ದಾಗ ಕೊಲೆಯಾದ ಕಾವಲುಗಾರರ ಸಂಖ್ಯೆ 200 ದಾಟಿದೆ. 2007ರ ಜುಲೈನಲ್ಲಿ ಒಂದೇ ಕುಟುಂಬದ ಹಲವು ಗೊರಿಲ್ಲಾಗಳನ್ನು ಗುಂಡಿಟ್ಟು ಕೊಂದರು. ಮಾಂಸಕ್ಕಲ್ಲ, ಮರಿ ಕದಿಯಲೂ ಅಲ್ಲ. ಕಾಡಿನ ಮರ ಸುಟ್ಟು ಇದ್ದಿಲು ಮಾರುವ ದಂಧೆಗೆ ಅಡ್ಡ ಬಂದವರಿಗೆ ಕೊಟ್ಟ ಎಚ್ಚರಿಕೆ ಅದು ಎಂದು ನಂತರ ಬೆಳಕಿಗೆ ಬಂತು.

ಇದ್ದಿಲಿಗೆ ಗಿರಾಕಿ ಯಾರು? ಉದ್ಯಾನದ ಹತ್ತಿರದ ಗೋಮಾದಂತಹ ಊರಿನ ಸಾಮಾನ್ಯ ಜನ. ಅಡುಗೆಗೆ ಅವರಿಗೆ ಬೇರೆ ದಾರಿ ಇಲ್ಲ. ಹಾಗಾಗಿ ವಿರುಂಗಾ ಉದ್ಯಾನದವರು ನದಿಗಳಿಂದ ವಿದ್ಯುತ್ ತಯಾರಿಸಲು ಶುರು ಮಾಡಿದರು. ಮತೇಬೆ ಎಂಬಲ್ಲಿನ ಘಟಕ 2015ರಿಂದ ಕರೆಂಟು ಕೊಡುತ್ತಿದೆ. ಗೊರಿಲ್ಲಾ ಉಳಿಸಲು ಕರೆಂಟಿನ ತಂತಿ ಎಳೆಯಬೇಕಾಯಿತು. ಅಡುಗೆ ಮನೆಯಿಂದ ಕಾಡಿನವರೆಗಿನ ಕೊಂಡಿ ಅಷ್ಟು ನೇರವಾಗಿದೆ.

ಫೋನಿನ ಕೊಂಡಿ ಸ್ವಲ್ಪ ಉದ್ದ, ಆದರೆ ನಮ್ಮ ಕಿಸೆಯವರೆಗೆ ಬರುತ್ತದೆ. ಫೋನ್, ಲ್ಯಾಪ್‌ಟಾಪ್‌ಗಳ ಒಳಗಿನ ಪುಟ್ಟ ಭಾಗಗಳಿಗೆ ಟ್ಯಾಂಟಲಮ್ ಲೋಹ ಬೇಕು. ಅದು ಸಿಗುವುದು ಕೋಲ್ಟಾನ್ ಅದಿರಿನಿಂದ. 2000ದ ಸುಮಾರಿಗೆ ಕೋಲ್ಟಾನ್ ಬೆಲೆ ದಿಢೀರ್ ಏರಿದಾಗ ಸಾವಿರಾರು ಜನ ಕಹುಜಿ ಬಿಯೆಗಾ ಕಾಡಿಗೆ ನುಗ್ಗಿದರು. ಅಗೆಯುವವರಿಗೆ ಊಟ ಬೇಕಲ್ಲ, ಕಾಡುಪ್ರಾಣಿಗಳೇ ಊಟವಾದವು. ಗ್ರೌವರ್ ಗೊರಿಲ್ಲಾದ ಕುಸಿತಕ್ಕೆ ಇದು ದೊಡ್ಡ ಕಾರಣ. 2024ರಲ್ಲಿ ಎಂ23 ಎಂಬ ಬಂಡುಕೋರರ ಗುಂಪಿನವರು ಪೂರ್ವ ಕಾಂಗೋದ ರುಬಾಯಾದ ಕೋಲ್ಟಾನ್ ಗಣಿಗಳನ್ನು ವಶಮಾಡಿಕೊಂಡರು, 2025ರ ಜನವರಿಯಲ್ಲಿ ಗೋಮಾ ನಗರವನ್ನೇ ಹಿಡಿದರು. ಅದಿರಿನ ಹಣ ಬಂದೂಕಿಗೆ ಹೋಗುತ್ತದೆ, ಬಂದೂಕು ಇರುವ ಕಾಡಿಗೆ ಕಾವಲುಗಾರ ಹೋಗಲಾರ.

ಕಾಂಗೋ ಸರ್ಕಾರದ ವಾದವನ್ನೂ ಕೇಳಬೇಕು. 2022ರಲ್ಲಿ ಅದು 27 ತೈಲ ಪ್ರದೇಶಗಳನ್ನು ಹರಾಜಿಗೆ ಇಟ್ಟಿತು. ಅವುಗಳಲ್ಲಿ ಕೆಲವು ವಿರುಂಗಾ ಉದ್ಯಾನಕ್ಕೂ ಜೌಗು ಕಾಡಿಗೂ ತಾಗುತ್ತಿದ್ದವು. ತಮ್ಮ ಕಾಡು ಕಡಿದು ಶ್ರೀಮಂತರಾದ ದೇಶಗಳು ನಮಗೆ ಬಡವರಾಗಿಯೇ ಇರಿ ಎಂದರೆ ಹೇಗೆ ಎಂಬುದು ಅವರ ಪ್ರಶ್ನೆ. 2024ರ ಅಕ್ಟೋಬರ್‌ನಲ್ಲಿ ಆ ಹರಾಜು ರದ್ದಾಯಿತು. ಪ್ರಶ್ನೆ ಹಾಗೆಯೇ ಇದೆ. ಕಾಡು ಉಳಿಸುವ ಖರ್ಚನ್ನು ಕಾಡು ಇರುವ ಬಡ ದೇಶದ ಮೇಲೇ ಹಾಕಿದರೆ ಇಂಥ ಹರಾಜುಗಳು ಮತ್ತೆ ಮತ್ತೆ ಬರುತ್ತವೆ.

ಮುಂದೆ ನೋಡಬೇಕಾದದ್ದು

ಬೆಟ್ಟದ ಗೊರಿಲ್ಲಾಗಳಿಗೆ ಈಗ ಜಾಗದ ಸಮಸ್ಯೆ ಶುರುವಾಗಿದೆ. ಸಂಖ್ಯೆ ಏರಿತು, ಕಾಡು ಅಷ್ಟೇ ಇದೆ. ಕರಿಸೋಕೆ ಸುತ್ತ ಗುಂಪುಗಳು ಜಾಸ್ತಿಯಾದಂತೆ ಅವುಗಳ ನಡುವೆ ಜಗಳ ಹೆಚ್ಚಿತು, ಮರಿಗಳ ಸಾವು ಹೆಚ್ಚಿತು, ಅಲ್ಲಿ ಬೆಳವಣಿಗೆಯ ವೇಗ ತಗ್ಗಿತು. ಹಾಗಾಗಿ ಮುಂದಿನ ಗಣತಿಗಳಲ್ಲಿ ಏರಿಕೆ ನಿಧಾನವಾದರೆ, ರಕ್ಷಣೆ ಸೋತಿತು ಎಂದು ತಕ್ಷಣ ತೀರ್ಮಾನಿಸಬಾರದು. ಕಾಡು ತುಂಬಿರಬಹುದು.

ರುವಾಂಡಾ ಇದಕ್ಕೆ ಉದ್ಯಾನವನ್ನೇ ದೊಡ್ಡದು ಮಾಡಲು ಹೊರಟಿದೆ. ಅಂಚಿನ ಕೃಷಿಭೂಮಿಯನ್ನು ಮತ್ತೆ ಕಾಡು ಮಾಡಬೇಕು. ಅದಕ್ಕೆ ಸಾವಿರಾರು ಕುಟುಂಬಗಳು ಜಾಗ ಬಿಡಬೇಕು. ಅವರಿಗೆ ಮನೆ, ಭೂಮಿ, ದುಡಿಮೆ ಮೊದಲು ಸಿಗುತ್ತದೆಯೋ, ಇಲ್ಲವೇ 1991ರಲ್ಲಿ ಬಟ್ವಾಗಳಿಗೆ ಆದದ್ದೇ ಇವರಿಗೂ ಆಗುತ್ತದೆಯೋ ಎಂಬುದರ ಮೇಲೆ ಆ ಬೆಟ್ಟದ ಮುಂದಿನ ಐವತ್ತು ವರ್ಷ ನಿಂತಿದೆ. ಗೋಮಾ ಕಡೆಯ ಕಾಡಿನಲ್ಲಿ ಅದಕ್ಕಿಂತ ಮೊದಲಿನ ಕೆಲಸವೇ ಬಾಕಿ ಇದೆ: ಕಾವಲುಗಾರರು ಬೆಳಿಗ್ಗೆ ಹೋಗಿ ಸಂಜೆ ಜೀವಂತ ಮರಳುವ ಸ್ಥಿತಿ ಬರಬೇಕು. ಪಶ್ಚಿಮದ ಮೂರು ಲಕ್ಷದ ವಿಷಯಕ್ಕೆ ಬಂದರೆ, ಅವುಗಳಲ್ಲಿ ನೂರಕ್ಕೆ ಸುಮಾರು 80 ಯಾವ ಸಂರಕ್ಷಿತ ಪ್ರದೇಶದ ಒಳಗೂ ಇಲ್ಲ. ಮರ ಕಡಿಯಲು ಗುತ್ತಿಗೆ ಕೊಟ್ಟ ಕಾಡುಗಳಲ್ಲೂ ಬಹಳಷ್ಟಿವೆ. ಮರದ ಲಾರಿಗೆಂದು ಮಾಡಿದ ರಸ್ತೆಯಲ್ಲೇ ಬೇಟೆಗಾರನೂ ಒಳಗೆ ಹೋಗುತ್ತಾನೆ. ಕೆಲಸ ಮುಗಿದ ಮೇಲೆ ಆ ರಸ್ತೆ ಮುಚ್ಚಬೇಕು, ಗೇಟಿನಲ್ಲಿ ಮಾಂಸ ತಪಾಸಣೆ ಮಾಡಬೇಕು ಎಂದು ಗುತ್ತಿಗೆಯಲ್ಲೇ ಬರೆಸಿ ಜಾರಿ ಮಾಡಿದರೆ, ಹೊಸ ಉದ್ಯಾನ ಘೋಷಿಸದೆಯೂ ವರ್ಷಕ್ಕೆ ಶೇ 2.7ರ ಆ ಇಳಿಕೆಯನ್ನು ತಗ್ಗಿಸಲು ಸಾಧ್ಯವಿದೆ.